ಮಗಳಿಗೆ ವಸತಿ ಪ್ರೌಢಶಾಲೆ: ಸಣ್ಣ ಖಾಸಗಿ ಬೋರ್ಡಿಂಗ್, ಮೊರಾರ್ಜಿ, ನವೋದಯ, ಹಾಸ್ಟೆಲ್ – ಯಾವುದು ಯಾರಿಗೆ?

ಪ್ರೌಢಶಾಲೆಯ ತರಗತಿ ಬೆಳಿಗ್ಗೆ 10ಕ್ಕೆ ಶುರುವಾಗಿ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ ಎಂದುಕೊಳ್ಳೋಣ. ಅಲ್ಲಿಗೆ ಆರೂವರೆ ಗಂಟೆ. ವಸತಿ ಶಾಲೆಗೆ ಸೇರಿದ ಹುಡುಗಿ ಉಳಿದ ಹದಿನೇಳೂವರೆ ಗಂಟೆಯನ್ನೂ ಅದೇ ಆವರಣದಲ್ಲಿ ಕಳೆಯುತ್ತಾಳೆ. ಅಲ್ಲೇ ಸ್ನಾನ, ಅಲ್ಲೇ ಊಟ, ಅಲ್ಲೇ ಮುಟ್ಟಿನ ಹೊಟ್ಟೆನೋವು, ಅಲ್ಲೇ ನಡುರಾತ್ರಿಯ ಜ್ವರ. ಶಾಲೆಯವರು ಕೈಗಿಡುವ ಬಣ್ಣದ ಪುಸ್ತಿಕೆ ಮಾತ್ರ ಆರೂವರೆ ಗಂಟೆಯ ಕಥೆಯನ್ನೇ ಹೇಳುತ್ತದೆ: ಸ್ಮಾರ್ಟ್ ಕ್ಲಾಸು, ಕಂಪ್ಯೂಟರ್ ಕೊಠಡಿ, ಫಲಿತಾಂಶ. ಈ ಹೋಲಿಕೆಯ ಕಣ್ಣು ಹೆಚ್ಚಾಗಿ ಉಳಿದ ಹದಿನೇಳೂವರೆ ಗಂಟೆಯ ಮೇಲಿದೆ. ಶಾಲೆ ಕೈಹಿಡಿಯುವುದೂ ಕೈಕೊಡುವುದೂ ಅಲ್ಲಿಯೇ.

ಮೊದಲು, ಯಾವ ಬಾಗಿಲು ಯಾವಾಗ ತೆರೆದಿರುತ್ತದೆ

ಬಹಳ ಮನೆಗಳಲ್ಲಿ ಹುಡುಕಾಟ ಶುರುವಾಗುವುದು ಮಗಳು 7ನೇ ತರಗತಿ ಮುಗಿಸುವಾಗ. ಅಷ್ಟು ಹೊತ್ತಿಗೆ ಸರ್ಕಾರದ ಒಳ್ಳೆಯ ಬಾಗಿಲುಗಳು ಮುಚ್ಚಿರುತ್ತವೆ. ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ – ಇವೆಲ್ಲಕ್ಕೂ ಪ್ರವೇಶ 6ನೇ ತರಗತಿಗೆ. ಪರೀಕ್ಷೆ ಬರೆಯಬೇಕಾದದ್ದು 5ನೇ ತರಗತಿಯಲ್ಲಿ ಓದುತ್ತಿರುವಾಗಲೇ. ನಿಮ್ಮ ಮಗಳು ಈಗ ನಾಲ್ಕನೆಯದರಲ್ಲೋ ಐದನೆಯದರಲ್ಲೋ ಇದ್ದರೆ ಖಾಸಗಿ ಶಾಲೆಗಳ ಯೋಚನೆಯನ್ನು ಪಕ್ಕಕ್ಕಿಟ್ಟು ಮೊದಲು ಈ ಅರ್ಜಿಗಳನ್ನು ಹಾಕಿ.

ನವೋದಯದ ಪರೀಕ್ಷೆ 2 ಗಂಟೆಯದು. 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಉಳಿದರ್ಧ ಗಣಿತಕ್ಕೂ ಭಾಷೆಗೂ. ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಮಗು ಅದೇ ಜಿಲ್ಲೆಯ ಶಾಲೆಯಲ್ಲಿ ಓದುತ್ತಿರಬೇಕು. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಕನಿಷ್ಠ ಮೂರನೇ ಒಂದು ಭಾಗ ಹುಡುಗಿಯರಿಗೆ. ಗ್ರಾಮೀಣ ಎನ್ನಿಸಿಕೊಳ್ಳಲು 3, 4, 5ನೇ ತರಗತಿಗಳನ್ನು ಹಳ್ಳಿ ಶಾಲೆಯಲ್ಲೇ ಓದಿರಬೇಕು. 'ಚೆನ್ನಾಗಿ ಓದಲಿ' ಎಂದು ಒಂದು ವರ್ಷದ ಮಟ್ಟಿಗೆ ಪೇಟೆಯ ಶಾಲೆಗೆ ಹಾಕಿ ಈ ಅರ್ಹತೆಯನ್ನು ಕಳೆದುಕೊಳ್ಳುವವರು ಇದ್ದಾರೆ. 6ನೇ ತರಗತಿಯ ಅವಕಾಶ ತಪ್ಪಿದರೆ 9ನೇ ತರಗತಿಗೆ ಖಾಲಿ ಸೀಟುಗಳಿಗಾಗಿ ಇನ್ನೊಂದು ಪರೀಕ್ಷೆ ಇರುತ್ತದೆ, ಆದರೆ ಸೀಟು ಬೆರಳೆಣಿಕೆಯಷ್ಟು.

ನವೋದಯ ಗಂಡುಹೆಣ್ಣು ಇಬ್ಬರೂ ಓದುವ ಕೇಂದ್ರೀಯ ಪಠ್ಯಕ್ರಮದ ಶಾಲೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಒಂದು ವಿಷಯ ಗೊತ್ತಿರಲಿ: 9ನೇ ತರಗತಿಯಲ್ಲಿ ಸುಮಾರು ಶೇ. 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ನಾಡಿನ ನವೋದಯಕ್ಕೆ ಕಳಿಸಿ, ಅಲ್ಲಿನವರನ್ನು ಇಲ್ಲಿಗೆ ಕರೆಸಿಕೊಳ್ಳುತ್ತಾರೆ. ಹದಿನಾಲ್ಕರ ಮಗಳನ್ನು ಅಷ್ಟು ದೂರ ಕಳಿಸಲು ಮನಸ್ಸು ಒಪ್ಪುತ್ತದೆಯೇ ಎಂದು ಸೇರಿಸುವಾಗಲೇ ಯೋಚಿಸಿ. ನಮ್ಮ ಅಭಿಪ್ರಾಯ ಕೇಳಿದರೆ, ಇಷ್ಟಾದರೂ ನವೋದಯ ಸಿಕ್ಕರೆ ಬಿಡಬಾರದು. ಕಾಯಂ ಶಿಕ್ಷಕರು ಆವರಣದಲ್ಲೇ ವಾಸ ಮಾಡುವ ಶಾಲೆಗಳು ಹೆಚ್ಚಿಲ್ಲ.

ಮೊರಾರ್ಜಿ, ಚೆನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳು 6ರಿಂದ 10ರವರೆಗೆ, ಒಂದು ತರಗತಿಗೆ ಸುಮಾರು 50 ಮಕ್ಕಳು, ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಹೆಸರಿನಲ್ಲಿ ರಾಣಿ ಚೆನ್ನಮ್ಮ ಇದ್ದ ಮಾತ್ರಕ್ಕೆ ಹೆಣ್ಣುಮಕ್ಕಳಿಗಷ್ಟೇ ಎಂದು ಊಹಿಸಬೇಡಿ, ಆ ಶಾಲೆಯನ್ನೇ ಕೇಳಿಕೊಳ್ಳಿ. ಇಲ್ಲಿ ಕಟ್ಟಡವೇ ದೊಡ್ಡ ವ್ಯತ್ಯಾಸ. ಸ್ವಂತ ಕಟ್ಟಡವಿರುವ ಮೊರಾರ್ಜಿಗೂ ಬಾಡಿಗೆ ಕಲ್ಯಾಣಮಂಟಪದಂಥ ಜಾಗದಲ್ಲಿ ನಡೆಯುವ ಮೊರಾರ್ಜಿಗೂ ಅಜಗಜಾಂತರ. ಕೌನ್ಸೆಲಿಂಗ್‌ನಲ್ಲಿ ಶಾಲೆ ಆರಿಸುವ ಮುನ್ನ ಎರಡು ಮೂರು ಶಾಲೆಗೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಶಾಲೆ ಬಿಟ್ಟ ಹುಡುಗಿಯರಿಗಾಗಿ, ಹಿಂದುಳಿದ ತಾಲ್ಲೂಕುಗಳಲ್ಲಿ 2004ರಿಂದ ನಡೆಯುತ್ತಿರುವ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಅಪ್ಪ ಅಮ್ಮ ಗುಳೆ ಹೋಗುವ ಮನೆಯ ಮಗುವಿಗೆ ಇದಕ್ಕಿಂತ ಸರಿಯಾದ ಜಾಗ ಸಿಗುವುದು ಕಷ್ಟ. ಶಿಸ್ತು, ಕವಾಯತು ಇಷ್ಟಪಡುವ ಹುಡುಗಿಗೆ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಹೆಣ್ಣುಮಕ್ಕಳದ್ದೇ ಸೈನಿಕ ವಸತಿ ಶಾಲೆಯಿದೆ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿವೆ. ಇವುಗಳಿಗೆ ಶುಲ್ಕವಿದೆ, 6ನೇ ತರಗತಿಯ ಪ್ರವೇಶ ಪರೀಕ್ಷೆಯಿದೆ.

8ನೇ ತರಗತಿಗೆ ಹುಡುಕುವವರಿಗೆ ಉಳಿಯುವ ದಾರಿ ಮೂರು: ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ಬಾಲಕಿಯರ ಹಾಸ್ಟೆಲ್ಲಿನಲ್ಲಿದ್ದು ಸರ್ಕಾರಿ ಪ್ರೌಢಶಾಲೆಗೆ ಹೋಗುವುದು, ಹಳೆಯ ಅನುದಾನಿತ ಬಾಲಕಿಯರ ಪ್ರೌಢಶಾಲೆ ಮತ್ತು ಅದಕ್ಕೆ ಅಂಟಿಕೊಂಡ ಬೋರ್ಡಿಂಗ್, ಇಲ್ಲವೇ ಸಣ್ಣ ಖಾಸಗಿ ವಸತಿ ಶಾಲೆ. ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿ ಆನ್‌ಲೈನ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು. ಪ್ರಮಾಣಪತ್ರದಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆಯಿದ್ದರೂ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಏಪ್ರಿಲ್‌ನಲ್ಲೇ ಸರಿಮಾಡಿಸಿಕೊಳ್ಳಿ.

ಅನುದಾನಿತ ಶಾಲೆಯನ್ನು ಜನ ಮರೆತೇಬಿಟ್ಟಿದ್ದಾರೆ. ಮಂಜೂರಾದ ಹುದ್ದೆಗಳ ಶಿಕ್ಷಕರ ಸಂಬಳ ಸರ್ಕಾರದ್ದಾದ್ದರಿಂದ ಬೋಧನಾ ಶುಲ್ಕ ಅಲ್ಪ, ಮಧ್ಯಾಹ್ನದ ಬಿಸಿಯೂಟ 10ನೇ ತರಗತಿಯವರೆಗೂ ಉಂಟು. ನೀವು ಕಟ್ಟುವುದು ಬೋರ್ಡಿಂಗಿನ ಹಣವನ್ನಷ್ಟೇ. ಕೊರತೆ ಎಂದರೆ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುವುದು. ಗಣಿತ ಮತ್ತು ವಿಜ್ಞಾನದ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಿ. ಆಗಿದ್ದರೆ, ಕನ್ನಡ ಮಾಧ್ಯಮವೂ ನಿಮಗೆ ಒಪ್ಪಿಗೆಯಾದರೆ, ಸಣ್ಣ ಖಾಸಗಿ ಶಾಲೆಗಿಂತ ಮೊದಲು ಇದನ್ನು ನೋಡಿ.

ಸಣ್ಣ ಖಾಸಗಿ ಬೋರ್ಡಿಂಗ್: ಮೂವರ ಮೇಲೆ ನಿಂತ ಮನೆ

60ರಿಂದ 150 ಹುಡುಗಿಯರಿರುವ ಶಾಲೆಗೆ ಅದರದೇ ಗುಣವಿದೆ. ಪ್ರತಿ ಹುಡುಗಿಯ ಹೆಸರು ಎಲ್ಲರಿಗೂ ಗೊತ್ತು. ಯಾರು ಊಟ ಬಿಟ್ಟರು, ಯಾರು ಎರಡು ದಿನದಿಂದ ಮಂಕಾಗಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ಐನೂರು ಮಕ್ಕಳ ದೊಡ್ಡ ವಸತಿ ಶಾಲೆಯಲ್ಲಿ ಇದು ಆಗದು. ನಾಚಿಕೆಯ ಹುಡುಗಿ, ಮನೆಯಲ್ಲಿ ಸಾವು ನೋವು ಕಂಡ ಹುಡುಗಿ ಇಂಥಲ್ಲಿ ಚಿಗುರುತ್ತಾಳೆ.

ಆದರೆ ಇಂಥ ಶಾಲೆ ನಿಂತಿರುವುದು ಮೂವರ ಮೇಲೆ: ವಾರ್ಡನ್, ಅಡುಗೆಯವರು, ಗಣಿತ-ವಿಜ್ಞಾನದ ಶಿಕ್ಷಕರು. ಅವರಲ್ಲಿ ಒಬ್ಬರು ಬಿಟ್ಟುಹೋದರೂ ಶಾಲೆ ವಾಲುತ್ತದೆ. ದೊಡ್ಡ ಪ್ರೌಢಶಾಲೆಯಲ್ಲಿ ಗಣಿತ-ಭೌತಶಾಸ್ತ್ರಕ್ಕೆ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರು, ಜೀವಶಾಸ್ತ್ರಕ್ಕೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು ಬೇರೆ ಬೇರೆ. ಸಣ್ಣ ಶಾಲೆಯಲ್ಲಿ ಎಷ್ಟೋ ಕಡೆ ಎರಡನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಅವರಿಗೆ ಡಿಸೆಂಬರಿನಲ್ಲಿ ಬೇರೆಡೆ ಕೆಲಸ ಸಿಕ್ಕಿತು ಎನ್ನಿ, ಎಸ್ಸೆಸ್ಸೆಲ್ಸಿಗೆ ಮೂರು ತಿಂಗಳಿರುವಾಗ ಎರಡು ವಿಷಯದ ಪಾಠ ನಿಂತಿತು. ಆದ್ದರಿಂದ ಕೇಳಬೇಕಾದದ್ದು 'ಶಿಕ್ಷಕರು ಒಳ್ಳೆಯವರಾ' ಎಂದಲ್ಲ. 'ಈಗಿನ ಗಣಿತದ ಮೇಡಂ ಎಷ್ಟು ವರ್ಷದಿಂದ ಇದ್ದಾರೆ? ಅವರಿಗಿಂತ ಮೊದಲು ಯಾರಿದ್ದರು, ಎಷ್ಟು ದಿನ ಇದ್ದರು?' ಎಂದು ಕೇಳಿ. ಮೂರು ವರ್ಷದಲ್ಲಿ ಮೂವರು ಬದಲಾಗಿದ್ದರೆ ಸಂಬಳ ಹೊತ್ತಿಗೆ ಸರಿಯಾಗಿ ಆಗುತ್ತಿಲ್ಲ ಎಂಬ ಶಂಕೆ ನ್ಯಾಯವೇ.

ಫಲಿತಾಂಶದ ಬ್ಯಾನರಿಗೂ ಇದೇ ಮಾತು. ನೂರಕ್ಕೆ ನೂರು ಎಂದು ಬರೆದಿರುತ್ತದೆ. ಹತ್ತನೆಯದರಲ್ಲಿ ಇಪ್ಪತ್ತು ಹುಡುಗಿಯರಿದ್ದ ಶಾಲೆಗೆ ಅದು ಕಷ್ಟವಲ್ಲ. ಓದಿನಲ್ಲಿ ಹಿಂದಿರುವವರಿಗೆ ಒಂಬತ್ತನೆಯದರ ಕೊನೆಗೆ ಟಿ.ಸಿ. ಕೊಟ್ಟು ಕಳಿಸಿದರಂತೂ ಸುಲಭವೇ. ಕೇಳಬೇಕಾದ ಲೆಕ್ಕ ಒಂದೇ: ಹೋದ ವರ್ಷ ಹತ್ತನೆಯದನ್ನು ಮುಗಿಸಿದ ತಂಡ 8ನೇ ತರಗತಿಗೆ ಸೇರಿದಾಗ ಎಷ್ಟು ಮಂದಿ ಇದ್ದರು, ಅವರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದವರು ಎಷ್ಟು? 30 ಮಂದಿ ಸೇರಿ 28 ಮಂದಿ ಬರೆದ ಶಾಲೆಯಲ್ಲಿ 25 ಮಂದಿ ಪಾಸಾಗಿದ್ದರೂ ಅದು, 30ರಲ್ಲಿ 19 ಮಂದಿಯನ್ನಷ್ಟೇ ಕೂರಿಸಿ ಎಲ್ಲರನ್ನೂ ಪಾಸು ಮಾಡಿಸಿದ ಶಾಲೆಗಿಂತ ಮೇಲು.

ನೀರು, ಬೇಳೆ, ಬಚ್ಚಲು: ನಿಂತಲ್ಲೇ ಮಾಡುವ ಲೆಕ್ಕ

80 ಹುಡುಗಿಯರ ಹಾಸ್ಟೆಲ್ ಎಂದುಕೊಳ್ಳಿ. ಬೆಳಿಗ್ಗೆ 5.45ರಿಂದ 7.15ರವರೆಗೆ ಸ್ನಾನದ ಹೊತ್ತು, 90 ನಿಮಿಷ. ಒಬ್ಬರಿಗೆ 9 ನಿಮಿಷವಾದರೂ ಒಂದು ಬಚ್ಚಲಲ್ಲಿ 10 ಮಂದಿಯ ಸ್ನಾನ. ಅಂದರೆ 8 ಬಚ್ಚಲು ಬೇಕು. ಐದೇ ಇದ್ದರೆ 30 ಹುಡುಗಿಯರ ಸ್ನಾನ ದಿನ ಬಿಟ್ಟು ದಿನ, ಅದೂ ಚಿಕ್ಕ ತರಗತಿಯವರದ್ದೇ ತಪ್ಪುವುದು, ಏಕೆಂದರೆ ಹತ್ತನೆಯವರು ಮುಂದೆ ನಿಲ್ಲುತ್ತಾರೆ. ಶೌಚಾಲಯ ಏಳೆಂಟು ಮಂದಿಗೆ ಒಂದಾದರೂ ಬೇಕು. ಎಣಿಸುವಾಗ ಬೀಗ ಹಾಕಿದ್ದನ್ನು, ಚಿಲಕ ಇಲ್ಲದ್ದನ್ನು, ನಲ್ಲಿ ಕೆಟ್ಟದ್ದನ್ನು ಬಿಟ್ಟು ಎಣಿಸಿ. ಚಿಲಕವಿಲ್ಲದ ಬಾಗಿಲಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಸೋಂಕು ಬರುವುದು ಹೀಗೆ.

ಹಾಸ್ಟೆಲ್ ಕಟ್ಟಡಕ್ಕೆ ತಲಾ ದಿನಕ್ಕೆ 135 ಲೀಟರ್ ನೀರು ಎಂಬುದು ಕಟ್ಟಡ ಸಂಹಿತೆಯ ಲೆಕ್ಕ. 80 ಮಂದಿಗೆ 10,800 ಲೀಟರ್. ಬೋರ್‌ವೆಲ್ ಒಂದೇ ಇದ್ದು ಮಾರ್ಚಿನಲ್ಲಿ ಅದು ಕೈಕೊಟ್ಟರೆ ದಿನಕ್ಕೆ ಎರಡು ಟ್ಯಾಂಕರ್ ಬೇಕಾಗುತ್ತದೆ. ಬಯಲುಸೀಮೆಯ ಶಾಲೆಯಾದರೆ 'ಹೋದ ಬೇಸಿಗೆಯಲ್ಲಿ ಟ್ಯಾಂಕರ್ ಎಲ್ಲಿಂದ ತರಿಸಿದಿರಿ?' ಎಂದು ಕೇಳಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೀರಿನ ಚಿಂತೆಯಲ್ಲ, ಬಟ್ಟೆ ಒಣಗುವ ಚಿಂತೆ. ಮಾಡಿನ ಕೆಳಗೆ ಹಗ್ಗ ಕಟ್ಟಲು ಜಾಗವಿಲ್ಲದಿದ್ದರೆ ಜುಲೈನಲ್ಲಿ ಒಳಉಡುಪನ್ನು ಹಸಿಯಾಗಿಯೇ ತೊಡುತ್ತಾರೆ, ಹುಳುಕಡ್ಡಿ ಹಬ್ಬುತ್ತದೆ. ಕಜ್ಜಿ ಬಂದಾಗ ಒಬ್ಬಳಿಗೆ ಮಾತ್ರ ಮುಲಾಮು ಹಚ್ಚಿದರೆ ಅದು ಹೋಗುವುದೇ ಇಲ್ಲ. ವೈದ್ಯರು ಬರೆದ ಮುಲಾಮನ್ನು ಕೋಣೆಯವರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿಕೊಂಡು, ಹೊದಿಕೆಗಳನ್ನೆಲ್ಲ ಬಿಸಿನೀರಲ್ಲಿ ಒಗೆದು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಇದನ್ನು ಹೇಗೆ ಮಾಡುತ್ತಾರೆಂದು ವಾರ್ಡನ್‌ರನ್ನು ಕೇಳಿ ನೋಡಿ. ಉತ್ತರ ತಿಳಿದವರು ಕೆಲಸವನ್ನೂ ತಿಳಿದವರು.

ಅಡುಗೆಮನೆಗೆ ಅಳತೆಗೋಲು ಬಿಸಿಯೂಟದ ಲೆಕ್ಕವೇ. 6ರಿಂದ 8ನೇ ತರಗತಿಯ ಮಗುವಿನ ಒಂದು ಊಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂದು ಸರ್ಕಾರ ನಿಗದಿ ಮಾಡಿದೆ. ಬೆಳೆಯುವ ಹುಡುಗಿಗೆ ಇದು ಕನಿಷ್ಠ. 80 ಮಂದಿಯ ಒಂದು ಹೊತ್ತಿಗೆ 12 ಕಿಲೋ ಅಕ್ಕಿ, 2.4 ಕಿಲೋ ಬೇಳೆ, 6 ಕಿಲೋ ತರಕಾರಿ. 'ಅಕ್ಕಾ, ಇವತ್ತಿನ ಸಾರಿಗೆ ಬೇಳೆ ಎಷ್ಟು ಹಾಕಿದ್ರಿ?' ಎಂದು ಅಡುಗೆಯವರನ್ನೇ ವಿಚಾರಿಸಿ. ಒಂದು ಕಿಲೋ ಎಂದರೆ ಆ ಸಾರಿನಲ್ಲಿ ನೀರೇ ಇದೆ. ಹನ್ನೆರಡು ತುಂಬಿದ ಹುಡುಗಿಗೆ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಬರುತ್ತದೆ. ಖಾಸಗಿ ಶಾಲೆ ಅದನ್ನು ತರಿಸಿಕೊಳ್ಳುತ್ತದೆಯೇ, ಊಟದ ನಂತರ ಕೊಡುತ್ತದೆಯೇ ಎಂಬುದು ಮುಖ್ಯ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಬಂದು ಮಕ್ಕಳು ಬಿಸಾಡುತ್ತಾರೆ, ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

ನೋಡಲು ಹೋಗುವುದು ಭಾನುವಾರ ಬೇಡ. ಆ ದಿನ ಪೋಷಕರು ಬರುತ್ತಾರೆಂದು ಪಾಯಸವಿರುತ್ತದೆ. ಏಪ್ರಿಲ್-ಮೇ ತಿಂಗಳೂ ಬೇಡ, ಮಕ್ಕಳಿಲ್ಲದ ಶಾಲೆಯಲ್ಲಿ ಸುಣ್ಣ ಬಣ್ಣ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಫೆಬ್ರವರಿಯ ಒಂದು ಬುಧವಾರವೋ ಗುರುವಾರವೋ ಸಂಜೆ ಆರೂವರೆಗೆ ಹೋಗಿ ರಾತ್ರಿಯೂಟದವರೆಗೆ ಇರಿ. ಅಷ್ಟು ಹೊತ್ತು ಇರಲು ಬಿಡದಿದ್ದರೆ, ಅದೇ ಒಂದು ಉತ್ತರ.

ರಾತ್ರಿ ಹತ್ತರ ನಂತರ

ವಾರ್ಡನ್ ಹೆಂಗಸು ಎಂದರೆ ಸಾಲದು. ಅವರು ಮಲಗುವುದು ಹುಡುಗಿಯರ ಮಹಡಿಯಲ್ಲೋ, ಗೇಟಿನ ಬಳಿಯ ಮನೆಯಲ್ಲೋ? ಅವರ ರಜೆಯ ದಿನ ಯಾರು ಮಲಗುತ್ತಾರೆ? 'ದೊಡ್ಡ ಹುಡುಗಿಯರು ನೋಡಿಕೊಳ್ಳುತ್ತಾರೆ' ಎಂಬ ಉತ್ತರ ಬಂದರೆ ಆ ಶಾಲೆ ಬೇಡ. ಆಡಳಿತ ಮಂಡಳಿಯ ಗಂಡಸರು, ಎಲೆಕ್ಟ್ರಿಷಿಯನ್, ವಾಚ್‌ಮನ್ ವಸತಿ ಕಟ್ಟಡದೊಳಗೆ ಹೋಗುವಾಗ ವಾರ್ಡನ್ ಜೊತೆಗಿರಬೇಕು, ಪುಸ್ತಕದಲ್ಲಿ ಹೊತ್ತು ಬರೆದಿರಬೇಕು. ಆ ಪುಸ್ತಕ ತೋರಿಸಿ ಎಂದು ಕೇಳುವ ಹಕ್ಕು ನಿಮ್ಮದು. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆ, 2012ರ ಪೋಕ್ಸೋ ಕಾಯ್ದೆಯಡಿ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. 'ಶಾಲೆಯ ಮರ್ಯಾದೆ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗಳಿಗೆ ಬಾಯಿಪಾಠ ಮಾಡಿಸಿ ಕಳಿಸಿ.

ಫೋನಿನ ವಿಷಯ ಸಣ್ಣದೆನಿಸಬಹುದು, ಅಲ್ಲ. ಮೊಬೈಲ್ ಬೇಡ ಎನ್ನುವ ನಿಯಮ ಸರಿಯೇ. ಆದರೆ ವಾರಕ್ಕೊಮ್ಮೆ ಮಾಡುವ ಕರೆ ವಾರ್ಡನ್ ಎದುರು, ಸ್ಪೀಕರ್ ಹಾಕಿಕೊಂಡು ಆದರೆ ಮಗಳು ಹೇಳಬೇಕಾದದ್ದನ್ನು ಹೇಳಲಾರಳು. ಮನೆಯಲ್ಲೇ ಒಂದು ಗುರುತಿನ ಮಾತು ಗೊತ್ತುಮಾಡಿಕೊಳ್ಳಿ. 'ಅಜ್ಜಿಯ ಮಂಡಿನೋವು ಹೇಗಿದೆ?' ಎಂದು ಅವಳು ಕೇಳಿದರೆ ನಾಳೆಯೇ ಬಂದು ನೋಡಿ ಎಂದರ್ಥ.

ಮೊದಲ ಮೂರು ವಾರ ಅಳು ಸಹಜ. ಸಂಜೆ ಹೊತ್ತು, ಭಾನುವಾರ ಹೆಚ್ಚು. ದಿನ ಕಳೆದಂತೆ ತಗ್ಗುತ್ತದೆ. ತಗ್ಗುವ ಬದಲು ದಸರಾ ರಜೆ ಮುಗಿಸಿ ಹೋಗುವಾಗ ಹೆಚ್ಚಾದರೆ, ಒಬ್ಬ ವ್ಯಕ್ತಿಯ ಅಥವಾ ಒಂದು ಕೋಣೆಯ ಹೆಸರೆತ್ತಿದರೆ ಮಾತು ನಿಂತುಹೋದರೆ, ಅದು ಮನೆಯ ನೆನಪಲ್ಲ. ಗದರಿಸಿ ವಾಪಸು ಕಳಿಸಬೇಡಿ.

ಕಾಗದ, ಹಣ, ಮತ್ತು ಯಾರೂ ಹೇಳದ ಮೀಸಲಾತಿಯ ಲೆಕ್ಕ

ಶಾಲೆಗೆ 11 ಅಂಕಿಯ ಯು-ಡೈಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ಶಾಲೆಯ ಗುರುತಿನ ಸಂಖ್ಯೆ) ಇರಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಎರಡು ವಿಷಯ ಕೇಳಿ: 8, 9, 10ನೇ ತರಗತಿಗೂ ಮಾನ್ಯತೆ ಇದೆಯೇ, ಈ ವರ್ಷಕ್ಕೆ ನವೀಕರಣ ಆಗಿದೆಯೇ? ಯಾವ ಮಾಧ್ಯಮಕ್ಕೆ ಅನುಮತಿ ಎಂಬುದೂ ಮಾನ್ಯತೆಯಲ್ಲೇ ಬರುತ್ತದೆ. 7ರವರೆಗೆ ಮಾತ್ರ ಮಾನ್ಯತೆ ಪಡೆದು ಮುಂದಿನ ತರಗತಿ ನಡೆಸುವ ಕಡೆ ಮಕ್ಕಳ ಹೆಸರು ಇನ್ನೊಂದು ಶಾಲೆಯ ಪಟ್ಟಿಯಲ್ಲಿರುತ್ತದೆ. ಎಸ್ಸೆಸ್ಸೆಲ್ಸಿಗೆ ಬೇಕಾದ ಶೇ. 75 ಹಾಜರಾತಿಯೂ ಆಂತರಿಕ ಅಂಕವೂ ಆ ಬೇರೆ ಶಾಲೆಯ ಕೈಯಲ್ಲಿರುತ್ತದೆ. ಮೆಸ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಶುಲ್ಕ ಕೇಳುವಾಗ ವರ್ಷದ ಒಟ್ಟು ಮೊತ್ತ ಕೇಳಿ, ಬರೆದುಕೊಡಲು ಹೇಳಿ. ಬೋಧನೆ, ಊಟ, ಠೇವಣಿ, ಸಮವಸ್ತ್ರ, ಪುಸ್ತಕ, ವಿಶೇಷ ತರಗತಿ, ಧೋಬಿ, ಪ್ರವಾಸ – ಎಂಟು ಕಡೆ ಹಂಚಿದ ಹಣ ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗುವುದು ಮಾಮೂಲು. ಠೇವಣಿ ಎಷ್ಟು ದಿನದಲ್ಲಿ ವಾಪಸು, ನಡುವೆ ಬಿಟ್ಟರೆ ಊಟದ ಹಣದಲ್ಲಿ ಎಷ್ಟು ವಾಪಸು ಎಂಬುದು ರಸೀದಿಯ ಮೇಲೆಯೇ ಇರಲಿ. ಜಾತಿ ಪ್ರಮಾಣಪತ್ರದ ಮೂಲಪ್ರತಿ ಕೊಡಬೇಡಿ, ನಕಲು ಸಾಕು.

ಇನ್ನು ಹಳ್ಳಿಯ ಪೋಷಕರು ತೀರಾ ತಡವಾಗಿ ತಿಳಿಯುವ ಸಂಗತಿ. ಪಿಯುಸಿ ನಂತರ ಇಂಜಿನಿಯರಿಂಗ್‌ನಂಥ ವೃತ್ತಿಶಿಕ್ಷಣದ ಸೀಟಿಗೆ ಬರೆಯುವ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿಯಿದೆ, ಶೇ. 5 ಕನ್ನಡ ಮಾಧ್ಯಮದವರಿಗಿದೆ. ಗ್ರಾಮೀಣಕ್ಕೆ 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡಕ್ಕೆ ಹತ್ತೂ ವರ್ಷ ಕನ್ನಡ ಮಾಧ್ಯಮ. 8ನೇ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಬೋರ್ಡಿಂಗಿಗೆ ಹಾಕಿದ ದಿನವೇ ಎರಡೂ ಹೋಯಿತು. ಹಾಗೆಂದು ಸೇರಿಸಬಾರದೆಂದಲ್ಲ, ಗೊತ್ತಿದ್ದು ಸೇರಿಸಬೇಕು. ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆಯೋ ಪುರಸಭೆಯ ಗಡಿಯೊಳಗಿದೆಯೋ ಎಂದು ನೋಡಿಕೊಳ್ಳಿ. ಎಷ್ಟೋ ಸಣ್ಣ ಬೋರ್ಡಿಂಗ್‌ಗಳು ಊರಾಚೆ ಪಂಚಾಯಿತಿ ಜಾಗದಲ್ಲೇ ಇರುತ್ತವೆ.

ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಎಂಟನೆಯದರಲ್ಲಿ ಇಂಗ್ಲಿಷ್ ಮಾಧ್ಯಮ ಕಷ್ಟವಾಗುವುದು ವ್ಯಾಕರಣದಿಂದಲ್ಲ, ವಿಜ್ಞಾನ ಮತ್ತು ಸಮಾಜದ ಪದಗಳಿಂದ. ದ್ಯುತಿಸಂಶ್ಲೇಷಣೆ ಎಂದು ಕಲಿತದ್ದು ಫೋಟೋಸಿಂಥೆಸಿಸ್ ಆಗಿ ಎದುರು ನಿಂತರೆ, ತಿಳಿದದ್ದೂ ತಿಳಿಯದಂತಾಗುತ್ತದೆ. ಜೂನ್‌ನಿಂದ ಆರೆಂಟು ವಾರ ಎರಡೂ ಭಾಷೆಯ ಪದಗಳನ್ನು ಜೋಡಿಸಿ ಕಲಿಸುವ ಶಾಲೆಯಾದರೆ ಸರಿ. ಇದನ್ನು ತಿಳಿಯಲು ಈಗ ಓದುತ್ತಿರುವ ಒಂಬತ್ತನೇ ತರಗತಿಯ ಹುಡುಗಿಯ ನೋಟ್ಸ್ ನೋಡಿ. ಬೋರ್ಡಿನಿಂದ ನಕಲು ಮಾಡಿದ ಉತ್ತರ ಎಲ್ಲರಲ್ಲೂ ಅಕ್ಷರಕ್ಕಕ್ಷರ ಒಂದೇ ಇದ್ದರೆ ಅಲ್ಲಿ ನಡೆಯುವುದು ಉರುಹೊಡೆಯುವಿಕೆ.

ಕೊನೆಗೆ ಯಾರಿಗೆ ಯಾವುದು? ಮಗಳು ಚೂಟಿ, ಐದನೆಯದರಲ್ಲಿದ್ದಾಳೆ, ಹಣ ಕಷ್ಟ: ನವೋದಯ, ಮೊರಾರ್ಜಿ ಎರಡಕ್ಕೂ ಅರ್ಜಿ ಹಾಕಿ. ಎಂಟನೆಯದಕ್ಕೆ ಬಂದಿದ್ದಾಳೆ, ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರು ಪೂರ್ತಿ ಇದ್ದಾರೆ: ಇಲಾಖೆಯ ಹಾಸ್ಟೆಲ್ ಅಥವಾ ಅನುದಾನಿತ ಬೋರ್ಡಿಂಗ್. ಒಬ್ಬೊಬ್ಬರನ್ನೂ ಕಂಡು ಮಾತನಾಡಿಸುವ ಜಾಗ ಬೇಕಾದ ಮಗು, ಮೂರು ವರ್ಷದ ಶುಲ್ಕವನ್ನು ಸಾಲವಿಲ್ಲದೆ ಕಟ್ಟಬಲ್ಲ ಮನೆ, ಮೇಲಿನ ಲೆಕ್ಕಗಳಲ್ಲಿ ಪಾಸಾದ ಶಾಲೆ – ಮೂರೂ ಕೂಡಿಬಂದರೆ ಸಣ್ಣ ಖಾಸಗಿ ಬೋರ್ಡಿಂಗ್. ಮೂರು ವರ್ಷ ಎಂದದ್ದು ಬೇಕೆಂದೇ. ಹತ್ತನೆಯದರ ನಡುವೆ ಶುಲ್ಕ ಕಟ್ಟಲಾಗದೆ ಬಿಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಸೇರಿಸಿದ ಮೇಲೆ ತಪ್ಪಾಯಿತೆನಿಸಿದರೆ ಎಂಟನೆಯದರ ಕೊನೆಗೇ ಬದಲಿಸಿ. ಎಸ್‌ಎಟಿಎಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮಗುವಿನ ಸಂಖ್ಯೆ ಹೊಸ ಶಾಲೆಗೆ ವರ್ಗವಾಗಬೇಕು, ಟಿ.ಸಿ. ಬೇಕು. ಏಪ್ರಿಲ್ ಮೊದಲ ವಾರ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಕಿ ಶುಲ್ಕದ ನೆಪದಲ್ಲಿ ಟಿ.ಸಿ. ತಡೆದರೆ ಆ ಮೊಹರಿನ ಪ್ರತಿಯೊಂದಿಗೆ ಬಿಇಒ ಕಚೇರಿಗೆ ದೂರು ಕೊಡಬಹುದು. ಒಂಬತ್ತನೆಯದರ ಕೊನೆಗೂ ಬದಲಾವಣೆ ಸಾಧ್ಯ. ಆದರೆ ಆಗ ಹೊಸ ಶಾಲೆಯಲ್ಲಿ ಅವಳಿಗೆ ಉಳಿಯುವುದು ಒಂದೇ ವರ್ಷ, ಅದೂ ಪರೀಕ್ಷೆಯ ವರ್ಷ.